ಕಾಳುಮೆಣಸಿನ ಊರಿನಲ್ಲಿ ಮೂರು ದಿನ

ಬೇಸಿಗೆ ರಜೆ ಹತ್ತಿರವಾದಂತೆ ಪತ್ರಿಕೆಗಳಲ್ಲಿ ಯುರೋಪ್ ಪ್ರವಾಸದ ಜಾಹೀರಾತುಗಳು ಸಾಲುಗಟ್ಟುತ್ತವೆ. ಹತ್ತು ಹನ್ನೆರಡು ದಿನಕ್ಕೆ ಏಳೆಂಟು ದೇಶ, ಬೆಳಿಗ್ಗೆ ಹೋಟೆಲಿನ ಉಪಾಹಾರ, ರಾತ್ರಿ ತಪ್ಪದೆ ಭಾರತೀಯ ಊಟ. ಈ ಏರ್ಪಾಡನ್ನು ಗೇಲಿ ಮಾಡಬೇಕಾಗಿಲ್ಲ. ಆಯಸ್ಸಿನಲ್ಲಿ ಒಂದೇ ಸಲ ಹೋಗುವವರಿಗೆ, ವಯಸ್ಸಾದವರಿಗೆ, ಹೊಸ ಊಟ ಒಗ್ಗದವರಿಗೆ ಅದರಿಂದ ಅನುಕೂಲವೇ ಇದೆ. ಆದರೆ ಅದರೊಳಗೆ ಒಂದು ನಂಬಿಕೆ ಸದ್ದಿಲ್ಲದೆ ಕುಳಿತಿದೆ. ನೋಡುವುದು ಬೇರೆ, ಉಣ್ಣುವುದು ಬೇರೆ. ನೋಡಲು ಪರವೂರಿಗೆ ಹೋಗಬೇಕು, ಉಣ್ಣಲು ಮಾತ್ರ ನಮ್ಮೂರನ್ನೇ ಬೆನ್ನಿಗೆ ಕಟ್ಟಿಕೊಂಡು ಹೋಗಬೇಕು ಎಂಬ ನಂಬಿಕೆ. ಈಚೆಗೆ ಇನ್ನೊಂದು ಬಗೆಯ ತಿರುಗಾಟವೂ ಬೆಳೆದಿದೆ. ಜರ್ಮನಿ, ನೆದರ್ಲೆಂಡ್ಸ್, ಐರ್ಲೆಂಡ್‌ಗಳಲ್ಲಿ ಕೆಲಸಕ್ಕಿರುವ ಕನ್ನಡಿಗರು ಶನಿವಾರ ಭಾನುವಾರಕ್ಕೆ ಒಂದು ದಿನ ರಜೆ ಸೇರಿಸಿ ಒಂದೇ ಒಂದು ನಗರಕ್ಕೆ ಹೋಗಿಬರುತ್ತಾರೆ. ಮಕ್ಕಳನ್ನು ನೋಡಲು ಹೋದ ಅಪ್ಪ ಅಮ್ಮಂದಿರೂ ಜೊತೆಗೂಡುತ್ತಾರೆ. ಇಂಥ ಪುಟ್ಟ ಪ್ರವಾಸದಲ್ಲಂತೂ ಆ ನಂಬಿಕೆ ದುಬಾರಿಯಾಗುತ್ತದೆ. ದಿನಗಳು ಕಡಿಮೆಯಾದಷ್ಟೂ ಊಟವನ್ನು ನೋಟದಿಂದ ಬೇರ್ಪಡಿಸಬಾರದು, ತಟ್ಟೆಯಲ್ಲಿ ಬಂದದ್ದನ್ನೂ ಸ್ಮಾರಕವನ್ನು ನೋಡುವ ಗಮನದಿಂದಲೇ ನೋಡಬೇಕು ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿಯಾಗಿ ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನನ್ನು ತೆಗೆದುಕೊಳ್ಳೋಣ.

ಲಿಸ್ಬನ್ ಏಕೆ? ಏಕೆಂದರೆ ಯುರೋಪಿನ ರಾಜಧಾನಿಗಳಲ್ಲಿ ಕನ್ನಡ ನಾಡಿನ ಅಡುಗೆಮನೆಗೆ ಇಷ್ಟು ಹತ್ತಿರದ ನಂಟಿರುವ ಊರು ಇನ್ನೊಂದು ಸಿಗುವುದು ಕಷ್ಟ. ಉತ್ತರ ಕರ್ನಾಟಕದವರ ಪಗಾರ, ಕರಾವಳಿಯವರ ಬಾಲ್ದಿ, ಬೀಗದ ಚಾವಿ, ಇಗರ್ಜಿಯ ಪಾದ್ರಿ, ಹರಾಜಿಗಿರುವ ಇನ್ನೊಂದು ಹೆಸರಾದ ಲಿಲಾವು, ಇವೆಲ್ಲ ಪೋರ್ಚುಗೀಸರ ಹಡಗಿನಿಂದ ಇಳಿದ ಮಾತುಗಳು. ಲಿಸ್ಬನ್ನಿನ ಯಾವುದೇ ಖಾನಾವಳಿಯ ಪಟ್ಟಿ ತೆರೆದರೂ ‘ಬಟಾಟ’ ಇರುತ್ತದೆ, ಹಣ್ಣಿನ ಸಾಲಿನಲ್ಲಿ ‘ಅನಾನಸ್’ ಇರುತ್ತದೆ. ಚಹಾಕ್ಕೆ ಅಲ್ಲಿ ‘ಶಾ’ ಎನ್ನುತ್ತಾರೆ. ಚೀನಾದ ಮೂಲ ಒಂದೇ ಆದ್ದರಿಂದ ಅವರ ಶಾ ಮತ್ತು ನಮ್ಮ ಚಹಾ ದಾಯಾದಿಗಳು. ಪಪ್ಪಾಯಿಗೆ ನಾವು ಪರಂಗಿ ಹಣ್ಣು ಎನ್ನುವಾಗ ಆ ‘ಪರಂಗಿ’ಯಲ್ಲಿ ಫಿರಂಗಿಯವನು, ಅಂದರೆ ಕಡಲಾಚೆಯಿಂದ ಬಂದ ಬಿಳಿಯ, ಇಂದಿಗೂ ಕುಳಿತಿದ್ದಾನೆ. ಎಲ್ಲಕ್ಕಿಂತ ದೊಡ್ಡ ಸಾಕ್ಷ್ಯ ಮೆಣಸಿನಕಾಯಿ. ಅಮೆರಿಕ ಖಂಡದ ಈ ಗಿಡವನ್ನು ಪೋರ್ಚುಗೀಸರು ನಮ್ಮ ಕರಾವಳಿಗೆ ತರುವ ಮುನ್ನ ಇಲ್ಲಿ ಮೆಣಸು ಎಂದರೆ ಬಳ್ಳಿಯ ಕಪ್ಪು ಕಾಳು ಮಾತ್ರ. ಹೊಸದಾಗಿ ಬಂದ ಕಾಯಿ ಹಳಬನ ಹೆಸರನ್ನೇ ಕಿತ್ತುಕೊಂಡಿತು. ಹಳಬ ‘ಕಾಳುಮೆಣಸು’, ‘ಒಳ್ಳೆಮೆಣಸು’ ಎಂಬ ವಿಶೇಷಣ ಅಂಟಿಸಿಕೊಂಡು ಗುರುತು ಉಳಿಸಿಕೊಳ್ಳಬೇಕಾಯಿತು. ಇಂಥ ಚರಿತ್ರೆಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿರುವವರು ಲಿಸ್ಬನ್ನಿಗೆ ಹೋಗಿ ಬರೀ ಗೋಪುರಗಳ ಫೋಟೋ ತೆಗೆದು ಬಂದರೆ ಅರ್ಧ ಊರನ್ನು ಬಿಟ್ಟುಬಂದಂತೆ.

ಗೋಪುರಗಳನ್ನಷ್ಟೇ ನಂಬಿದರೆ ಲಿಸ್ಬನ್ ಮೋಸ ಮಾಡುತ್ತದೆ ಎನ್ನಲು ಇನ್ನೂ ಗಟ್ಟಿಯಾದ ಕಾರಣವಿದೆ. ತೇಜೋ ನದಿಯ ದಡದಲ್ಲಿರುವ ಪ್ರಾಸಾ ದು ಕೊಮೇರ್ಸಿಯು ಎಂಬ ವಿಶಾಲ ಚೌಕವನ್ನೇ ನೋಡಿ. ಮೂರು ಕಡೆ ಹಳದಿ ಬಣ್ಣದ ಕಮಾನು ಕಟ್ಟಡಗಳು, ನಡುವೆ ಕುದುರೆಯೇರಿದ ದೊರೆ ಒಂದನೆಯ ಜೋಸೆಯ ಪ್ರತಿಮೆ, ಮುಂದೆ ನೀರು. ಅಂದವಾಗಿದೆ, ಆದರೆ ಏನನ್ನೂ ಹೇಳುವುದಿಲ್ಲ. ಹೇಳಬೇಕಾದದ್ದೆಲ್ಲ 1755ರ ನವೆಂಬರ್ 1ರಂದು ನೆಲಸಮವಾಯಿತು. ಅಂದು ಸಕಲ ಸಂತರ ಹಬ್ಬ. ಜನ ಬೆಳಗಿನ ಪೂಜೆಗೆ ಇಗರ್ಜಿಗಳಲ್ಲಿ ಸೇರಿದ್ದ ಹೊತ್ತಿಗೆ ಭೂಮಿ ನಡುಗಿತು, ಹಚ್ಚಿಟ್ಟ ಮೇಣದ ಬತ್ತಿಗಳಿಂದ ಬೆಂಕಿ ಹಬ್ಬಿತು, ತಪ್ಪಿಸಿಕೊಂಡು ನದಿಯ ಬಯಲಿಗೆ ಓಡಿದವರ ಮೇಲೆ ಕಡಲ ತೆರೆ ನುಗ್ಗಿತು. ಈ ಚೌಕದಲ್ಲಿದ್ದ ಅರಮನೆ, ಅದರ ಗ್ರಂಥಭಂಡಾರ, ಪಕ್ಕದಲ್ಲೇ ಇದ್ದ ‘ಕಾಸಾ ದ ಇಂಡಿಯಾ’ ಎಲ್ಲವೂ ಹೋದವು. ಕಾಸಾ ದ ಇಂಡಿಯಾ ಎಂದರೆ ಪೂರ್ವದಿಂದ ಬಂದ ಸಂಬಾರ ಪದಾರ್ಥಗಳ ಲೆಕ್ಕ, ಸುಂಕ, ಮಾರಾಟ ನಡೆಯುತ್ತಿದ್ದ ಕಚೇರಿ. ನಮ್ಮ ಹೊನ್ನಾವರ, ಭಟ್ಕಳದ ಬಂದರುಗಳ ಮೇಲೆ ಪೋರ್ಚುಗೀಸರು ಕಣ್ಣಿಟ್ಟದ್ದು, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಈ ವ್ಯಾಪಾರದ ದೆಸೆಯಿಂದಲೇ. ಆ ಮೆಣಸು ಹೋಗಿ ಇಳಿದ ಜಾಗದಲ್ಲಿ ಈಗ ನೋಡಲು ಒಂದು ಕಲ್ಲೂ ಇಲ್ಲ. ಕಟ್ಟಡ ಕುಸಿದರೂ ಜನರ ಊಟದ ರೂಢಿ ಕುಸಿಯಲಿಲ್ಲ. ಆದ್ದರಿಂದ ಈ ನಗರದಲ್ಲಿ ಅಡುಗೆಮನೆ ಒಂದು ಬಗೆಯ ಪತ್ರಾಗಾರ.

ಚೌಕದ ಹಿಂದಿನ ಬೈಶಾ ಬಡಾವಣೆ ಭೂಕಂಪದ ಬಳಿಕ ಹುಟ್ಟಿದ್ದು. ದೊರೆಯ ಮಂತ್ರಿ, ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎಂದು ಹೆಸರಾದವನು, ಹಾಳೂರನ್ನು ಅಳತೆಪಟ್ಟಿ ಹಿಡಿದು ನೇರ ಗೆರೆಗಳಲ್ಲಿ ಮತ್ತೆ ಕಟ್ಟಿಸಿದ. ಗೋಡೆಗಳ ಒಳಗೆ ಮರದ ಪಂಜರ ಕೂರಿಸಿ, ನೆಲ ಅಲುಗಿದಾಗ ಕಟ್ಟಡವೂ ಬಾಗಿ ನಿಲ್ಲುವಂತೆ ಮಾಡಿದ್ದು ಅಂದಿಗೆ ಅಪೂರ್ವ ತಂತ್ರ. ಬೀದಿಗಳಿಗೆ ಕಸುಬುಗಳ ಹೆಸರು: ಒಂದು ಚಿನ್ನದ ಬೀದಿ, ಇನ್ನೊಂದು ಬೆಳ್ಳಿಯ ಬೀದಿ, ಮತ್ತೊಂದು ಪಾದರಕ್ಷೆ ಮಾಡುವವರ ಬೀದಿ. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆಗಳನ್ನು ಬಲ್ಲ ಬೆಂಗಳೂರಿಗರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಗುಡ್ಡದ ಮೇಲೆ ಸೂರಿಲ್ಲದ ಕಾರ್ಮು ಮಠದ ಕಮಾನುಗಳನ್ನು ಮಾತ್ರ ಬಿದ್ದಂತೆಯೇ ಬಿಟ್ಟಿದ್ದಾರೆ. ಭೂಕಂಪದ ಸ್ಮಾರಕವೆಂದರೆ ಅದೇ. ಪೂರ್ವದ ಅಲ್ಫಾಮಾ ಬಹುಪಾಲು ಉಳಿದುಕೊಂಡ ಕೇರಿ, ಅದರ ಹೆಸರು ಅರಬ್ಬಿಯದು. 1147ರಲ್ಲಿ ಕ್ರೈಸ್ತ ದೊರೆಯ ವಶವಾಗುವವರೆಗೆ ಊರು ಮುಸ್ಲಿಮರ ಆಳ್ವಿಕೆಯಲ್ಲಿತ್ತು. ಅದರ ಗುರುತು ಹುಡುಕಲು ಕೋಟೆಯನ್ನೇ ಹತ್ತಬೇಕಿಲ್ಲ. ಗೋಡೆಯ ನೀಲಿ ಹಂಚಿಗೆ ಇವರು ಹೇಳುವ ‘ಅಝುಲೇಜು’, ಅಕ್ಕಿಗೆ ಹೇಳುವ ‘ಅರ್ರೋಜ್’, ಆಲಿವ್ ಎಣ್ಣೆಗೆ ಹೇಳುವ ‘ಅಝೈತ್’ ಮೂರೂ ಅರಬ್ಬಿ ಮೂಲದ ಮಾತುಗಳು. ಯುರೋಪಿನಲ್ಲಿ ಅನ್ನ ಹೆಚ್ಚು ಉಣ್ಣುವವರ ಸಾಲಿನಲ್ಲಿ ಪೋರ್ಚುಗೀಸರು ಮುಂದಿದ್ದಾರೆ ಎಂಬುದರ ಬೇರು ಇಲ್ಲಿದೆ.

ಎರಡನೆಯ ದಿನ ಎಲ್ಲರೂ ಹೋಗುವುದು ನದಿಯ ಕೆಳದಂಡೆಯ ಬೆಲೇಂಗೆ, ಹೋಗಲೇಬೇಕು. ಅಲ್ಲಿನ ಜೆರೋನಿಮೋಸ್ ಮಠದ ಕೆಲಸವನ್ನು ದೊರೆ ಮನುವೆಲ್ 1501ರ ಸುಮಾರಿಗೆ ಶುರುಮಾಡಿಸಿದ. ವಾಸ್ಕೊ ಡ ಗಾಮಾ ಕಲ್ಲಿಕೋಟೆ ಮುಟ್ಟಿ ಆಗ ಮೂರು ವರ್ಷವಷ್ಟೇ ಆಗಿತ್ತು. ಆಫ್ರಿಕಾ ಮತ್ತು ಪೂರ್ವ ದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇಕಡ 5ರ ಸುಂಕ ಈ ಕಟ್ಟಡದ ಬಂಡವಾಳ. ಕಂಬಗಳ ಮೇಲೆ ಹಡಗಿನ ಹಗ್ಗ, ಕಡಲ ಬಳ್ಳಿ, ನಾವಿಕರ ಗೋಳಯಂತ್ರ ಎಲ್ಲವನ್ನೂ ಕಲ್ಲಿನಲ್ಲಿ ಕೆತ್ತಿದ್ದಾರೆ. ಹೊಯ್ಸಳ ಶಿಲ್ಪ ನೋಡಿ ಬೆಳೆದ ಕಣ್ಣಿಗೂ ನಿಂತು ನೋಡುವಷ್ಟು ಕುಸುರಿ. ಗಾಮಾನ ಸಮಾಧಿ ಒಳಗಿದೆ. ಅವನ ಹಡಗುಗಳು ಊರಿಗೆ ಮರಳುವ ಮುನ್ನ ನೀರು ತುಂಬಿಸಿಕೊಂಡು ತಳ ಕೆರೆಸಿಕೊಂಡದ್ದು ನಮ್ಮ ಕಾರವಾರದೆದುರಿನ ಅಂಜುದೀವ್ ದ್ವೀಪದಲ್ಲಿ ಎಂಬುದನ್ನು ಆ ಸಮಾಧಿಯ ಮುಂದೆ ನೆನೆಯುವ ಕನ್ನಡಿಗರು ಎಷ್ಟು ಮಂದಿಯೋ. ಹತ್ತಿರದ ಬೆಲೇಂ ಗೋಪುರದ ಒಂದು ಕಾವಲು ಗೂಡಿನ ಅಡಿಯಲ್ಲಿ, ಮಳೆಗಾಳಿಗೆ ಸವೆದ ಘೇಂಡಾಮೃಗದ ತಲೆಯೊಂದಿದೆ. ಗುಜರಾತಿನ ಸುಲ್ತಾನ ಕೊಟ್ಟ ಪ್ರಾಣಿಯನ್ನು ಗೋವೆಯಿಂದ ಹಡಗಿಗೆ ಹತ್ತಿಸಿದ್ದರು. 1515ರ ಮೇ ತಿಂಗಳಲ್ಲಿ ಅದು ಇಲ್ಲೇ ದಡಕ್ಕಿಳಿಯಿತು. ‘ಗಂಡಾ’ ಎಂಬ ಅದರ ಹೆಸರೂ ಜೊತೆಗೇ ಇಳಿಯಿತು. ಜರ್ಮನಿಯ ಕಲಾವಿದ ಡ್ಯೂರರ್ ಆ ಪ್ರಾಣಿಯನ್ನು ಕಾಣದೆ, ಬರಿಯ ವರ್ಣನೆ ಮತ್ತು ಒಂದು ರೇಖಾಚಿತ್ರ ನಂಬಿ ಕೆತ್ತಿದ ಚಿತ್ರ ಜಗತ್ಪ್ರಸಿದ್ಧವಾಯಿತು.

ಮಠದಿಂದ ಹೊರಬಂದವರು ಸಾಲು ನಿಲ್ಲುವುದು ಬೇಕರಿಯ ಮುಂದೆ. ‘ಪಾಸ್ತೆಲ್ ದ ನಾತಾ’ ಎಂಬ ಅಂಗೈಯಗಲದ ತಿನಿಸು: ಪದರ ಪದರದ ಗರಿಗರಿ ಬಟ್ಟಲು, ಒಳಗೆ ಮೊಟ್ಟೆಯ ಹಳದಿ, ಹಾಲು, ಸಕ್ಕರೆಯ ಪಾಕ, ಮೇಲೆ ಅಲ್ಲಲ್ಲಿ ಸೀದ ಕಪ್ಪು ಚುಕ್ಕೆ. ಬಿಸಿಯಿರುವಾಗಲೇ ದಾಲ್ಚಿನ್ನಿ ಪುಡಿ ಉದುರಿಸಿಕೊಂಡು ತಿನ್ನಬೇಕು. ಇದನ್ನು ಪ್ರವಾಸಿಗರ ಚಪಲ ಎಂದು ತಳ್ಳಿಹಾಕುವವರು ಅದರ ಪದಾರ್ಥಗಳನ್ನು ಒಂದೊಂದಾಗಿ ಕೇಳಿ ನೋಡಬೇಕು. ಮಠಗಳಲ್ಲಿ ಬಟ್ಟೆಗೆ ಗಂಜಿ ಹಾಕಲು ಮೊಟ್ಟೆಯ ಬಿಳಿ ಬಳಸಿ, ಉಳಿದ ಹಳದಿಯಿಂದ ಸಿಹಿ ಮಾಡುತ್ತಿದ್ದರು ಎಂದು ಹೇಳುತ್ತಾರೆ. ಪೋರ್ಚುಗಲ್ಲಿನ ಎಷ್ಟೋ ಸಿಹಿತಿನಿಸುಗಳು ಮಠಗಳಲ್ಲೇ ಹುಟ್ಟಿದವು. ಸಕ್ಕರೆ ಮೊದಲು ಮದೀರಾ ದ್ವೀಪದಿಂದ, ಆಮೇಲೆ ಬ್ರೆಜಿಲ್ಲಿನಿಂದ ಬಂತು, ಅದರ ಹಿಂದೆ ಗುಲಾಮರ ಬೆವರಿದೆ. ದಾಲ್ಚಿನ್ನಿ ಸಿಂಹಳದ್ದು. 1834ರಲ್ಲಿ ಸರ್ಕಾರ ಮಠಗಳನ್ನು ಮುಚ್ಚಿಸಿದಾಗ ಮಠದವರ ಕೈಗುಣ ಪೇಟೆಗೆ ಬಂತು. 1837ರಲ್ಲಿ ಶುರುವಾದ ಬೆಲೇಂನ ಅಂಗಡಿ ಅಂದಿನ ಪಾಕವನ್ನು ಈಗಲೂ ಗುಟ್ಟಾಗಿ ಕಾಯುತ್ತಿದೆ. ಮಠದ ಗೋಡೆ ಸಾಮ್ರಾಜ್ಯದ ಏಳಿಗೆಯನ್ನು ಹೇಳಿದರೆ ಈ ತಿನಿಸು ಅದರ ವಿಸ್ತಾರ, ಅದರ ಪಾಪ, ಕೊನೆಗೆ ಮಠಗಳ ಅಧಿಕಾರ ಕುಸಿದದ್ದು ಎಲ್ಲವನ್ನೂ ಎರಡು ತುತ್ತಿನಲ್ಲಿ ಹೇಳುತ್ತದೆ. ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟರೆ ಕಥೆ ಮೊದಲ ಅಧ್ಯಾಯಕ್ಕೇ ನಿಲ್ಲುತ್ತದೆ.

ಮೀನು ತಿನ್ನುವವರಿಗೆ ಬಕಲ್ಯಾವ್ ಇನ್ನೊಂದು ಪಾಠ. ಇದು ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಕಿರಾಣಿ ಅಂಗಡಿಗಳಲ್ಲಿ ಹಲಗೆಯಂತೆ ಬಿರುಸಾಗಿ ಒರಗಿಕೊಂಡಿರುತ್ತದೆ. ಒಂದೆರಡು ದಿನ ನೀರು ಬದಲಿಸುತ್ತ ನೆನೆಹಾಕಿದ ಮೇಲೆಯೇ ಒಲೆಗೆ ಯೋಗ್ಯ. ವರ್ಷದ ದಿನಗಳಷ್ಟು ಬಗೆಯ ಬಕಲ್ಯಾವ್ ಅಡುಗೆಗಳಿವೆ ಎಂಬುದು ಅಲ್ಲಿನ ನಾಣ್ಣುಡಿ. ಸೋಜಿಗವೆಂದರೆ ಮಾರುದ್ದದ ಕಡಲಂಚಿರುವ ಪೋರ್ಚುಗಲ್ಲಿನ ನೀರಿನಲ್ಲಿ ಈ ಮೀನೇ ಇಲ್ಲ. ಹದಿನಾರನೆಯ ಶತಮಾನದಿಂದ ಅವರ ದೋಣಿಗಳು ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲೆಂಡಿನ ತಣ್ಣೀರಿಗೆ ಹೋಗಿ ಹಿಡಿದು ತರುತ್ತಿದ್ದವು. ಈಗ ಬಹುಪಾಲು ಬರುವುದು ನಾರ್ವೆಯಿಂದ. ದೂರದ ಮೀನು ದೇಶದ ಮುಖ್ಯ ಊಟವಾಗಲು ಎರಡು ಕಾರಣ ಕೂಡಿಬಂದವು. ಕ್ಯಾಥೊಲಿಕ್ ಪಂಚಾಂಗದಲ್ಲಿ ಮಾಂಸ ಬಿಡುವ ದಿನಗಳು ಹೇರಳ, ಅಂದು ಮೀನಿಗೆ ಅಡ್ಡಿಯಿಲ್ಲ. ಮತ್ತು ಉಪ್ಪಿನ ಮೀನು ಹಡಗಿನಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಮಳೆಗಾಲಕ್ಕೆಂದು ಒಣಮೀನು ಕೂಡಿಡುವ ನಮ್ಮ ಕರಾವಳಿಯವರಿಗೆ ಎರಡನೆಯ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. 1934ರಿಂದ ಸಲಾಜಾರನ ಸರ್ವಾಧಿಕಾರ ದೊಡ್ಡ ದೋಣಿಪಡೆ ಕಟ್ಟಿ ಈ ಮೀನುಗಾರಿಕೆಯನ್ನು ದೇಶಭಕ್ತಿಯ ಕೆಲಸವಾಗಿಸಿತು. ಹರಿದ ಮೀನು, ಎಳೆಎಳೆಯಾಗಿ ಕರಿದ ಬಟಾಟೆ, ಮೊಟ್ಟೆ ಕಲಸಿದ ‘ಬಕಲ್ಯಾವ್ ಆ ಬ್ರಾಸ್’ ತಟ್ಟೆ ಮುಂದೆ ಬಂದಾಗ ಇಷ್ಟೆಲ್ಲ ಅದರಲ್ಲಿದೆ ಎಂದು ತಿಳಿದು ತಿಂದರೆ ರುಚಿ ಕಡಿಮೆಯಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಸಹಜ. ಮೆಣಸಿಗಾಗಿ ಅರ್ಧ ಭೂಮಿ ಸುತ್ತಿದವರ ಊಟ ನಮ್ಮ ನಾಲಿಗೆಗೆ ಸಪ್ಪೆಯಲ್ಲವೇ, ಸಪ್ಪೆ ಊಟಕ್ಕಾಗಿ ಸಮಯ ಏಕೆ ಕಳೆಯಬೇಕು? ಖಾರವನ್ನೇ ಅಳತೆಗೋಲು ಮಾಡಿಕೊಂಡರೆ ಹೌದು, ಸಪ್ಪೆ. ಆದರೆ ಆ ಸಪ್ಪೆಗೂ ಚರಿತ್ರೆಯಿದೆ. ಲಿಸ್ಬನ್ನಿಗೆ ಕಾಳುಮೆಣಸು ಬಂದದ್ದು ಮುಖ್ಯವಾಗಿ ಮಾರಲು. ಅದು ಉಳ್ಳವರ ಐಶ್ವರ್ಯ, ಬಡವರ ಅಡುಗೆಯ ನಿತ್ಯದ ವಸ್ತುವಲ್ಲ. ಬೆಲೆ ಇಳಿದು ಎಲ್ಲರ ಕೈಗೆಟುಕುವ ಹೊತ್ತಿಗೆ ಯುರೋಪಿನ ಸಿರಿವಂತರ ರುಚಿಯೇ ಸಂಬಾರಗಳಿಂದ ದೂರ ಸರಿಯುತ್ತಿತ್ತು. ಸಾಮಾನ್ಯರ ಅಡುಗೆ ಬೆಳ್ಳುಳ್ಳಿ, ಆಲಿವ್ ಎಣ್ಣೆ, ಕಲ್ಲುಪ್ಪು, ಹಸಿ ಸೊಪ್ಪುಗಳ ಮೇಲೆ ನಿಂತಿತು. ಆ ಸೊಪ್ಪುಗಳಲ್ಲಿ ಕೊತ್ತಂಬರಿ ಮುಖ್ಯ. ಯುರೋಪಿನ ಬೇರೆ ಕಡೆ ಇಷ್ಟು ಧಾರಾಳವಾಗಿ ಕೊತ್ತಂಬರಿ ಸೊಪ್ಪು ಬೀಳುವ ಅಡುಗೆ ಅಪರೂಪ. ಬೆಳ್ಳುಳ್ಳಿ, ಕೊತ್ತಂಬರಿ ಹಾಕಿ ಬೇಯಿಸಿದ ಚಿಪ್ಪಿನ ತಟ್ಟೆ ಬಂದರೆ ಮಂಗಳೂರಿನವರು ಮರುವಾಯಿಯ ನಂಟನ್ನು ಕೂಡಲೇ ಗುರುತಿಸುತ್ತಾರೆ. ತೆಂಗಿನಕಾಯಿ ಇಲ್ಲ, ಅಷ್ಟೇ. ಖಾರ ಬೇಕೆಂದರೆ ಪಿರಿಪಿರಿ ಕೇಳಬಹುದು. ಅಮೆರಿಕದ ಕಾಯಿ, ಆಫ್ರಿಕಾದ ಹೆಸರು, ಪೋರ್ಚುಗೀಸರ ಸೀಸೆ! ನಮ್ಮ ಬ್ಯಾಡಗಿ ಮೆಣಸಿನಕಾಯಿಯ ದೂರದ ಬಂಧು ಅದು. ಇನ್ನು ಮಂಗಳೂರು, ಗೋವೆಯ ಕ್ರೈಸ್ತ ಮನೆಗಳ ವಿಂದಾಲು ಹುಟ್ಟಿದ್ದು ಪೋರ್ಚುಗೀಸರ ‘ವಿನ್ಯಾ ದಾಲ್ಯೂಸ್’ನಿಂದ, ಅಂದರೆ ದ್ರಾಕ್ಷಾರಸ ಮತ್ತು ಬೆಳ್ಳುಳ್ಳಿಯಲ್ಲಿ ನೆನೆಸಿಟ್ಟ ಮಾಂಸದಿಂದ. ಮೂಲ ಅಲ್ಲಿ ಸೌಮ್ಯ, ಮಗು ಇಲ್ಲಿ ಖಾರ.

ಈ ಸಾಗಣೆ ಏಕಮುಖವಾಗಿರಲಿಲ್ಲ ಎಂಬುದಕ್ಕೆ ಸಾಕ್ಷಿ ಲಿಸ್ಬನ್ನಿನ ಗಲ್ಲಿ ಗಲ್ಲಿಯ ಕಾಫಿ ಅಂಗಡಿಗಳ ಗಾಜಿನ ಪೆಟ್ಟಿಗೆಯಲ್ಲೇ ಸಿಗುತ್ತದೆ. ಅಲ್ಲಿ ಮೀನಿನ ಬೋಂಡಾದ ಪಕ್ಕ ತ್ರಿಕೋನದ ‘ಶಮೂಸಾ’ ಕುಳಿತಿರುತ್ತದೆ. ಗೋವೆ ಮತ್ತು ಮೊಜಾಂಬಿಕ್ ಕಡೆಯಿಂದ ಬಂದ ಜನರೊಂದಿಗೆ ಬಂದ ನಮ್ಮ ಸಮೋಸಾ ಅದು. ಇಂದು ಅದನ್ನು ಪರದೇಶದ ತಿಂಡಿ ಎಂದು ಯಾರೂ ಎಣಿಸುವುದಿಲ್ಲ. ಆಫೀಸಿಗೆ ಹೋಗುವವರು ನಿಂತಲ್ಲೇ ‘ಬೀಕಾ’ ಎಂಬ ಚೋಟು ಲೋಟದ ಕಡು ಕಾಫಿಯ ಜೊತೆ ತಿಂದು ನಡೆಯುತ್ತಾರೆ. ಹಾಗೆಯೇ ‘ಪೈಶಿನ್ಯೂಸ್ ದ ಓರ್ತಾ’, ಹಿತ್ತಿಲ ಪುಟ್ಟ ಮೀನುಗಳು ಎಂಬ ಅರ್ಥದ ಹೆಸರು. ಮೀನಿನ ಸುಳಿವೂ ಅದರಲ್ಲಿಲ್ಲ. ಹುರುಳಿಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಕರಿದ ಬಜ್ಜಿ. ಈ ಪದ್ಧತಿ ಪೋರ್ಚುಗೀಸ್ ಪಾದ್ರಿಗಳು ಮತ್ತು ವರ್ತಕರ ಮೂಲಕ ಜಪಾನಿಗೆ ಹೋಗಿ ತೆಂಪುರಾ ಆಯಿತು ಎಂಬುದು ಬಹುಮಾನ್ಯ ಅಭಿಪ್ರಾಯ. ಒಂದು ಕಾಲದಲ್ಲಿ ಸೋತ ಮುಸ್ಲಿಮರಿಗೆ ಬಿಟ್ಟುಕೊಟ್ಟಿದ್ದ ಮೌರಾರಿಯಾ ಕೇರಿಯಲ್ಲಿ ಈಗ ಬಾಂಗ್ಲಾ, ನೇಪಾಳ, ಭಾರತದವರ ಕಿರಾಣಿ ಅಂಗಡಿಗಳು ತುಂಬಿವೆ. ಅಲ್ಲಿ ಬೇಳೆ, ಕರಿಬೇವು ಕಂಡು ನಿಟ್ಟುಸಿರು ಬಿಡುವುದು ತಪ್ಪಲ್ಲ. ಆದರೆ ಐನೂರು ವರ್ಷದ ವ್ಯಾಪಾರದ ಇತ್ತೀಚಿನ ಪುಟ ಅದು ಎಂದು ತಿಳಿದರೆ ಅದೂ ನೋಡಬೇಕಾದ ಜಾಗವೇ.

ಎಲ್ಲ ಸರಿ, ಸಸ್ಯಾಹಾರಿಗಳ ಗತಿಯೇನು ಎಂಬ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಲಿಸ್ಬನ್ ಮೀನು ಮಾಂಸದ ಊರು, ಮೊಟ್ಟೆಯನ್ನೂ ಮುಟ್ಟದವರಿಗೆ ನಾತಾ ಕೂಡ ಇಲ್ಲ. ಹಾಗೆಂದು ಸ್ಥಳೀಯ ಊಟವೇ ಇಲ್ಲ ಎಂದರೆ ಅದೂ ತಪ್ಪು. ಹೆಚ್ಚುಕಡಿಮೆ ಪ್ರತಿಯೊಂದು ‘ತಾಸ್ಕಾ’ದಲ್ಲಿ, ಅಂದರೆ ಮನೆಯವರೇ ನಡೆಸುವ ಸಣ್ಣ ಖಾನಾವಳಿಯಲ್ಲಿ, ದಿನದ ಸೂಪು ಇರುತ್ತದೆ, ಬಹುಸಲ ತರಕಾರಿ ಅರೆದು ಮಾಡಿದ್ದು, ಮಾಂಸದ ಸಾರು ಸೇರಿದೆಯೇ ಎಂದು ಕೇಳಿಕೊಂಡರಾಯಿತು. ‘ಕಾಲ್ದು ವೇರ್ದ್’ ಎಂಬ ಎಲೆಕೋಸಿನ ಜಾತಿಯ ಸೊಪ್ಪು ಮತ್ತು ಬಟಾಟೆಯ ಸೂಪಿಗೆ ಮೇಲೊಂದು ಬಿಲ್ಲೆ ಸಾಸೇಜು ಹಾಕುತ್ತಾರೆ, ಸಾರಿಗೂ ಅದು ಬಿದ್ದಿರಬಹುದು, ಆದ್ದರಿಂದ ಅಲ್ಲಿಯೂ ವಿಚಾರಣೆ ಬೇಕು. ಟೊಮೆಟೊ ಅನ್ನ, ಕಾಳಿನ ಅನ್ನ, ಉಪ್ಪುನೀರಿನ ಆಲಿವ್, ಕುರುಕಲು ತಿಂಡಿಯಂತೆ ತಿನ್ನುವ ತ್ರೆಮೋಸು ಎಂಬ ಹಳದಿ ಕಾಳು, ಚಳಿ ಹತ್ತಿರವಾದಾಗ ಬೀದಿಯಲ್ಲಿ ಹೊಗೆಯೆಬ್ಬಿಸಿ ಸುಡುವ ಚೆಸ್ಟ್‌ನಟ್, ಇವೆಲ್ಲ ಊರಿನವರದೇ ತಿನಿಸು. ಯುರೋಪಿನ ಚೀಸ್‌ಗಳಲ್ಲಿ ಹಲವಕ್ಕೆ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆಂದು ಅನೇಕರು ಹಿಂಜರಿಯುತ್ತಾರೆ. ಲಿಸ್ಬನ್ನಿಗೆ ಹತ್ತಿರದ ಅಝೈತಾಂವ್ ಊರಿನ ಕುರಿಹಾಲಿನ ಚೀಸ್, ಬೆಟ್ಟಸೀಮೆಯ ಸೆರ್ರಾ ದ ಎಸ್ತ್ರೆಲಾ ಚೀಸ್ ಎರಡಕ್ಕೂ ಹಾಲು ಒಡೆಸುವುದು ಕಾರ್ದು ಎಂಬ ಮುಳ್ಳುಗಿಡದ ಹೂವಿನಿಂದ. ಸಸ್ಯಾಹಾರಿ ನಿಶ್ಚಿಂತೆಯಿಂದ ತಿನ್ನಬಹುದಾದ, ಅಪ್ಪಟ ಸ್ಥಳೀಯವಾದ ಪದಾರ್ಥ ಇದಕ್ಕಿಂತ ಬೇಕೆ? ಅಲ್ಲದೆ ಸರ್ಕಾರಿ ಕ್ಯಾಂಟೀನುಗಳಲ್ಲಿ ಒಂದು ಸಸ್ಯಾಹಾರಿ ಊಟ ಇರಲೇಬೇಕೆಂದು ಪೋರ್ಚುಗಲ್ 2017ರಲ್ಲೇ ಕಾನೂನು ಮಾಡಿದೆ. ಕೇಳುವವರನ್ನು ವಿಚಿತ್ರವಾಗಿ ನೋಡುವ ಕಾಲ ಅಲ್ಲೂ ಹೋಗಿದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ. ಈ ಅರಮನೆ, ಈ ಸಿಹಿ, ಈ ಸಂಬಾರ ಎಲ್ಲ ಲೂಟಿಯ ಫಲ. ಗೋವೆಯಲ್ಲಿ ಧರ್ಮವಿಚಾರಣೆಯ ಹೆಸರಿನಲ್ಲಿ ಜನರನ್ನು ಪೀಡಿಸಿದವರ ಊರಿಗೆ ಹೋಗಿ ಬಾಯಿ ಚಪ್ಪರಿಸುವುದೇ? ಕರಾವಳಿಯ ಎಷ್ಟೋ ಕೊಂಕಣಿ ಮನೆತನಗಳ, ಹಿಂದೂಗಳದೂ ಕ್ರೈಸ್ತರದೂ, ವಲಸೆಯ ನೆನಪಿನಲ್ಲಿ ಆ ಭಯ ಬೆರೆತಿದೆ. ಆದ್ದರಿಂದ ಇದು ಕೇಳಲೇಬೇಕಾದ ಪ್ರಶ್ನೆ. ನನ್ನ ಉತ್ತರ ಇಷ್ಟು: ಬರೀ ಸ್ಮಾರಕ ನೋಡುವವರಿಗೆ ಆ ನೋವು ಕಾಣುವುದೇ ಕಡಿಮೆ, ಏಕೆಂದರೆ ಗೆದ್ದವರು ಗೆಲುವನ್ನೇ ಕಲ್ಲಿನಲ್ಲಿ ಕಡೆಯುತ್ತಾರೆ. ಬೆಲೇಂ ದಡದಲ್ಲಿ ನಾವಿಕರ ಸಾಲು ಹೊತ್ತು ನಿಂತಿರುವ ಭಾರೀ ಸ್ಮಾರಕ ಹಳೆಯದೆಂದು ತೋರುತ್ತದೆ. ಅದು ಈಗಿನ ರೂಪದಲ್ಲಿ ಎದ್ದದ್ದು 1960ರಲ್ಲಿ, ವಸಾಹತುಗಳನ್ನು ಬಿಡಲೊಲ್ಲದ ಸರ್ವಾಧಿಕಾರದ ಕೈಯಿಂದ. ಮರುವರ್ಷವೇ ಗೋವೆ ಅವರ ಕೈ ಬಿಟ್ಟಿತು. ಇದಕ್ಕೆ ಎದುರಾಗಿ ನಗರದ ನಡುವಿನ ಸಾಂವ್ ದೊಮಿಂಗೊಸ್ ಚೌಕಕ್ಕೆ ಬನ್ನಿ. ಇಲ್ಲಿ 1840ರಿಂದ ಜಿಂಜಿನ್ಯಾ ಎಂಬ ಹುಳಿಚೆರಿಯ ಮದ್ಯವನ್ನು ಗೋಡೆಯಲ್ಲಿ ಕೊರೆದಂಥ ಪುಟ್ಟ ಅಂಗಡಿಯೊಂದು ಮಾರುತ್ತಿದೆ. ಅದನ್ನು ಹುಡುಕಿಕೊಂಡು ಬಂದವರು ಹತ್ತು ಹೆಜ್ಜೆಯಲ್ಲಿ ಒಂದು ಕಲ್ಲಿನ ಮುಂದೆ ನಿಲ್ಲುತ್ತಾರೆ; 1506ರಲ್ಲಿ ಇಲ್ಲಿ ಶುರುವಾದ ಗಲಭೆಯಲ್ಲಿ, ಬಲವಂತದಿಂದ ಕ್ರೈಸ್ತರಾಗಿದ್ದ ಯೆಹೂದಿಗಳನ್ನು ಭಾರಿ ಸಂಖ್ಯೆಯಲ್ಲಿ ಕೊಂದದ್ದರ ನೆನಪಿನ ಕಲ್ಲು ಅದು. ಪಕ್ಕದ ರೊಸಿಯು ಚೌಕದಲ್ಲಿ ನಾಟಕಶಾಲೆ ಇರುವ ಜಾಗದಲ್ಲೇ ಧರ್ಮವಿಚಾರಣೆಯ ಅರಮನೆ ಇತ್ತು. ಖಾನಾವಳಿಗಳಲ್ಲಿ ಸಿಗುವ ಅಲ್ಯೈರಾ ಎಂಬ, ಬ್ರೆಡ್ಡು ಮತ್ತು ಕೋಳಿಮಾಂಸದ ಸಾಸೇಜನ್ನು ಕೇಳಿ ನೋಡಿ: ಹಂದಿ ತಿನ್ನದ ಗುಟ್ಟು ಬಯಲಾಗದಿರಲೆಂದು ಯೆಹೂದಿಗಳು ಮಾಡಿಕೊಂಡ ಉಪಾಯ ಅದು ಎಂದು ಅಲ್ಲಿನ ಪ್ರತೀತಿ. ಜೀವ ಉಳಿಸಿಕೊಳ್ಳಲು ಹೆಣೆದ ಅಡುಗೆಯ ನೆನಪು ತಟ್ಟೆಯಲ್ಲಿ ಉಳಿದಿದೆ. ಗೆದ್ದವರ ಕಥೆ ಕೇಳಲು ಕಲ್ಲು ಸಾಕು. ಸೋತವರ ಕಥೆಗೆ ಊಟದ ಮನೆಗೂ ಹೋಗಬೇಕು.

ಆದರೂ ಪ್ರವಾಸಿಗರಿಗೆ ಸಿಗುವ ‘ಸ್ಥಳೀಯ ಊಟ’ವೇ ವೇಷವಲ್ಲವೇ ಎನ್ನುವವರಿದ್ದಾರೆ. ಪ್ರಧಾನ ಬೀದಿಗಳಲ್ಲಿ ಬಣ್ಣದ ಚಿತ್ರಪಟ್ಟಿ ಹಿಡಿದು ಕೈಬೀಸಿ ಕರೆಯುವ ಹೋಟೆಲುಗಳ ಮಟ್ಟಿಗೆ ಈ ಮಾತು ಸರಿ. 1882ರ ಮೆರ್ಕಾದೊ ದ ರಿಬೈರಾ ಮಾರುಕಟ್ಟೆಯ ಅರ್ಧ ಭಾಗ 2014ರಿಂದ ಹೆಸರಾಂತ ಬಾಣಸಿಗರ ತಿನಿಸುಮಳಿಗೆಯಾಗಿದೆ. ರುಚಿಗೆ ಕೊರತೆಯಿಲ್ಲ, ಆದರೆ ಎದುರು ಕುಳಿತವರೆಲ್ಲ ನಮ್ಮಂಥ ಪ್ರವಾಸಿಗರೇ. ಅದೇ ಕಟ್ಟಡದ ಇನ್ನರ್ಧದಲ್ಲಿ ಮೀನು, ಸೊಪ್ಪು ಮಾರುವವರು ಇನ್ನೂ ಇದ್ದಾರೆ. ಬೆಳಿಗ್ಗೆ ಅಲ್ಲಿ ಸುತ್ತಾಡಿದರೆ ಆ ದಿನ ಏನು ತಿನ್ನಬೇಕೆಂಬುದು ತಾನೇ ತಿಳಿಯುತ್ತದೆ. ಅಸಲಿ ನಕಲಿ ಗುರುತಿಸಲು ದೊಡ್ಡ ಪಾಂಡಿತ್ಯ ಬೇಡ. ಅಂದಿನ ಊಟವನ್ನು ಕಾಗದದ ಮೇಲೆ ಕೈಯಲ್ಲಿ ಬರೆದು ಅಂಟಿಸಿದ್ದಾರೆಯೇ, ಮಧ್ಯಾಹ್ನ ಒಂದು ಗಂಟೆಗೆ ಸುತ್ತಲಿನ ಕೆಲಸಗಾರರು ಒಳಗೆ ಕುಳಿತಿದ್ದಾರೆಯೇ ಎಂದು ನೋಡಿದರೆ ಸಾಕು. ‘ಪ್ರಾತು ದು ದಿಯಾ’, ದಿನದ ಊಟ, ರಾತ್ರಿಯ ಊಟಕ್ಕಿಂತ ಅಗ್ಗ. ‘ಮೈಯಾ ದೋಜ್’ ಎಂದರೆ ಅರ್ಧ ಪ್ರಮಾಣ ಕೊಡುತ್ತಾರೆ, ಒಬ್ಬರಿಗೆ ಅದೇ ಹೆಚ್ಚು. ಕುಳಿತ ಕೂಡಲೇ ಕೇಳದೆ ತಂದಿಡುವ ಬ್ರೆಡ್ಡು, ಬೆಣ್ಣೆ, ಆಲಿವ್ ಉಚಿತವಲ್ಲ, ಮೋ‌ಸವೂ ಅಲ್ಲ. ‘ಕೂವೇರ್’ ಎಂಬ ವಾಡಿಕೆ. ಬೇಡವೆಂದು ಮುಟ್ಟದೆ ವಾಪಸು ಕಳಿಸಿದರೆ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಹೋದವರಿಗಂತೂ ಹುಡುಕುವ ಕೆಲಸವೇ ಇಲ್ಲ. 12ರ ರಾತ್ರಿ, ಲಿಸ್ಬನ್ನಿನಲ್ಲೇ ಹುಟ್ಟಿದ ಸಂತ ಅಂತೋನಿಯ ಹಬ್ಬದ ಮುನ್ನಾದಿನ, ಅಲ್ಫಾಮಾದ ಮೆಟ್ಟಿಲು ಮೆಟ್ಟಿಲಿನಲ್ಲೂ ಕೆಂಡದ ಮೇಲೆ ಬೂತಾಯಿಯ ಬಳಗದ ಸಾರ್ಡೀನ್ ಸುಡುತ್ತಿರುತ್ತದೆ. ಬ್ರೆಡ್ಡಿನ ಹೋಳೇ ತಟ್ಟೆ.

ಅಷ್ಟು ದುಡ್ಡು ಸುರಿದು, ವೀಸಾಕ್ಕೆ ಓಡಾಡಿ, ಒಂದೇ ಊರು ನೋಡಿ ಬರುವುದೇ ಎಂಬುದು ನಮ್ಮ ಮಧ್ಯಮವರ್ಗದ ನ್ಯಾಯವಾದ ಲೆಕ್ಕಾಚಾರ. ಕರ್ನಾಟಕದಿಂದಲೇ ಹೊರಡುವವರು ಒಂದೇ ನಗರಕ್ಕೆಂದು ಹೋಗಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಎಂಟು ದೇಶದ ಬದಲು ಮೂರು ನಗರ, ಒಂದೊಂದಕ್ಕೆ ಮೂರು ದಿನ ಎಂದುಕೊಂಡರೆ ಬಸ್ಸಿನ ಕಿಟಕಿಯಲ್ಲಿ ಕಳೆಯುವ ತಾಸುಗಳು ನೆಲದ ಮೇಲೆ ಸಿಗುತ್ತವೆ. ಮೈಸೂರಿಗೆ ಬಂದ ಪರದೇಶಿಯೊಬ್ಬ ಅರಮನೆ ನೋಡಿ, ಹೋಟೆಲಿನಲ್ಲಿ ತನ್ನೂರಿನ ಬ್ರೆಡ್ಡು ಬೇಕನ್ ತಿಂದು, ಮೈಸೂರುಪಾಕು ಹುಟ್ಟಿದ ಊರಿನಿಂದ ಅದರ ರುಚಿ ನೋಡದೆ ಹೊರಟರೆ ನಾವು ಅಯ್ಯೋ ಎನ್ನುವುದಿಲ್ಲವೇ? ಊರಿನವರ ಕಡೆಯಿಂದಲೂ ಒಂದು ಮಾತಿದೆ. ಪ್ರವಾಸಿಗರ ನೂಕಿನಿಂದ ಅಲ್ಫಾಮಾದ ಮನೆಗಳು ದಿನಬಾಡಿಗೆಯ ಕೋಣೆಗಳಾಗಿ, ಹಳಬರು ಬಾಡಿಗೆ ಕಟ್ಟಲಾರದೆ ಹೊರಟುಹೋಗುತ್ತಿದ್ದಾರೆ. ನಗರಸಭೆ 2024ರಲ್ಲಿ ಪ್ರವಾಸಿ ತೆರಿಗೆಯನ್ನು ರಾತ್ರಿಗೆ 2 ಯೂರೋದಿಂದ 4ಕ್ಕೆ ಏರಿಸಿತು. ತಾಸ್ಕಾದಲ್ಲಿ ಉಂಡರೆ ಈ ಸಮಸ್ಯೆ ತೀರುತ್ತದೆಂದು ನಟಿಸುವುದು ಬೇಡ. ಆದರೆ ಬಂದವರು ಫೋಟೋ ತೆಗೆದು ತಿರುಗಿ ಹೋಗುವುದಕ್ಕೂ, ಆ ಕೇರಿಯವರ ಒಲೆಗೆ ನಾಲ್ಕು ಕಾಸು ಕೊಟ್ಟು ಹೋಗುವುದಕ್ಕೂ ವ್ಯತ್ಯಾಸವಿದೆ.

ಕನ್ನಡಿಗರಿಗೆ ಈ ವಿಷಯದಲ್ಲಿ ಒಂದು ಹಳೆಯ ಋಣವೂ ಇದೆ. ವಿಜಯನಗರದ ಬೀದಿಗಳಲ್ಲಿ ಯಾವ ಹಣ್ಣು, ಯಾವ ಧಾನ್ಯ, ಯಾವ ಪಕ್ಷಿ ಎಷ್ಟು ಧಾರಾಳವಾಗಿ ಮಾರಾಟಕ್ಕಿತ್ತು ಎಂದು ನಮಗೆ ತಿಳಿದಿರುವುದು ಬಹುಮಟ್ಟಿಗೆ ಡೊಮಿಂಗೊ ಪಾಯಸ್, ನೂನಿಜ್ ಎಂಬ ಪೋರ್ಚುಗೀಸರು ಬರೆದಿಟ್ಟದ್ದರಿಂದ. ಆ ಬರಹಗಳು 1897ರಲ್ಲಿ ಮೊದಲು ಅಚ್ಚಾದದ್ದು ಲಿಸ್ಬನ್ನಿನಲ್ಲಿ. ಪಾಯಸ್ ಮಹಾನವಮಿಯ ವೈಭವವನ್ನಷ್ಟೇ ನೋಡಿ ಹೋಗಿದ್ದರೆ ನಮಗೆ ಅರ್ಧ ಹಂಪಿ ಸಿಗುತ್ತಿತ್ತು; ಅವನು ಸಂತೆಯನ್ನೂ ನೋಡಿದ. ಅವನ ನಾಡಿಗೆ ಹೋದಾಗ ಆ ಉಪಕಾರವನ್ನು ತೀರಿಸಬಹುದು. ಮೂರು ದಿನಕ್ಕೆ ಹೋಗುವವರು ನೋಡುವ ಜಾಗಗಳ ಪಟ್ಟಿಯನ್ನು ನಾಲ್ಕಕ್ಕೆ ಇಳಿಸಿ, ಕುಳಿತು ಉಣ್ಣುವ ಊಟಗಳನ್ನು ನಾಲ್ಕಕ್ಕೆ ಏರಿಸಿ. ಪ್ರತಿ ತಟ್ಟೆಗೂ ಇದು ಎಲ್ಲಿಂದ ಬಂತು ಎಂದು ಒಂದು ಪ್ರಶ್ನೆ ಕೇಳಿ. ಚೀಲದಲ್ಲಿ ಚಟ್ನಿಪುಡಿ ಇರಲಿ, ಅದಕ್ಕೆ ಯಾರ ಆಕ್ಷೇಪಣೆಯೂ ಇಲ್ಲ. ಅದರೊಳಗಿನ ಮೆಣಸಿನಕಾಯಿ ಬಂದದ್ದೂ ಪೋರ್ಚುಗೀಸರ ಹಡಗಿನಲ್ಲೇ. ಹೋಗುವ ದಿನ ಮಾತ್ರ ನೋಡಿಕೊಳ್ಳಿ: ಸೋಮವಾರ ಜೆರೋನಿಮೋಸ್ ಮಠದ ಬಾಗಿಲು ತೆರೆಯುವುದಿಲ್ಲ, ಭಾನುವಾರ ಅನೇಕ ತಾಸ್ಕಾಗಳ ಒಲೆ ಹೊತ್ತುವುದಿಲ್ಲ.